ಶಿಶುವಿಹಾರದ ಲೆಕ್ಕ ನೋಡುವುದು ಮುಖ್ಯೋಪಾಧ್ಯಾಯಿನಿಯ ಕೆಲಸವೇ?

ಪ್ರಶ್ನೆ: ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಮಹಿಳಾ ಸಮಾಜ ನಡೆಸುವ ಶಿಶುವಿಹಾರದಲ್ಲಿ ನಾನು ಬಹಳ ವರ್ಷಗಳಿಂದ ಶಿಕ್ಷಕಿ. ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದ ನಮ್ಮ ಸ್ಥಾಪಕ ಅಧ್ಯಕ್ಷೆ ಕಳೆದ ವರ್ಷ ತೀರಿಕೊಂಡ ಮೇಲೆ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡಿದ್ದಾರೆ. ಕೋವಿಡ್‌ಗೆ ಮೊದಲು 130 ಮಕ್ಕಳು, 12 ಸಿಬ್ಬಂದಿ ಇದ್ದರು. ಈಗ ನಾಲ್ಕು ತರಗತಿಗಳಲ್ಲಿ 84 ಮಕ್ಕಳು, ನನ್ನನ್ನೂ ಸೇರಿಸಿ 5 ಶಿಕ್ಷಕಿಯರು, 3 ಆಯಾಗಳು. ವಾರ್ಷಿಕ ಶುಲ್ಕ 18,000 ರೂಪಾಯಿ. ತಿಂಗಳ ಸಂಬಳದ ಮೊತ್ತ 90,000, ಉಳಿದ ಖರ್ಚು ವರ್ಷಕ್ಕೆ 2,84,000. ಈ ಮಾರ್ಚ್‌ಗೆ 93,000 ರೂಪಾಯಿ ಕೊರತೆ ಬಂದಿದೆ ಎಂದು ಆಡಳಿತ ಮಂಡಳಿ ಹೇಳುತ್ತಿದೆ. 13,000 ಸಂಬಳದ, 14 ವರ್ಷ ಸೇವೆಯ ಹಿರಿಯ ಶಿಕ್ಷಕಿಯನ್ನು ಬಿಡಿಸಿ ತರಗತಿಗಳನ್ನು ಮೂರಕ್ಕೆ ಇಳಿಸುವುದು, ಹೊಸ ದಾಖಲಾತಿಗೆ 5,000 ರೂಪಾಯಿ ‘ಕಟ್ಟಡ ನಿಧಿ’ ಪಡೆಯುವುದು ಅವರ ಪರಿಹಾರ. ಬ್ಯಾಂಕ್ ಖಾತೆಯ ಸಹಿಯನ್ನೂ ನಾನೇ ಮಾಡಬೇಕಂತೆ. ನಾನು ಪಾಠ ಮಾಡುವವಳು. ಹಣದ ವಿಚಾರ ನನ್ನ ಕೆಲಸವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲವೂ ಅದರ ಮೇಲೆ ನಿಂತಿದೆ. ಹಣವನ್ನು ಕೈಯಲ್ಲಿ ಹಿಡಿಯುವುದು, ಚೆಕ್‌ಗೆ ಒಬ್ಬರೇ ಸಹಿ ಹಾಕುವುದು, ರಸೀದಿ ಹರಿಯುವುದು ನಿಮ್ಮ ಕೆಲಸವಲ್ಲ. ಆದರೆ ಬಜೆಟ್ ತಯಾರಿಸುವುದು, ಪ್ರತಿ ತಿಂಗಳ ಜಮಾ-ಖರ್ಚು ಓದುವುದು, ಅದರ ಅರ್ಥವನ್ನು ಮಂಡಳಿಗೆ ಬಿಡಿಸಿ ಹೇಳುವುದು ಖಂಡಿತವಾಗಿ ನಿಮ್ಮ ಕೆಲಸ. ಚಿಕ್ಕ ಮಕ್ಕಳ ಸಂಸ್ಥೆಯಲ್ಲಿ ಖರ್ಚಿನ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ನಿಮ್ಮಲ್ಲಿ ವರ್ಷದ 13,64,000 ರೂಪಾಯಿ ಖರ್ಚಿನಲ್ಲಿ 10,80,000, ಅಂದರೆ ನೂರಕ್ಕೆ ಸುಮಾರು 79 ಭಾಗ, ಸಂಬಳವೇ. ಹೀಗಿರುವಾಗ ಖರ್ಚು ಕಡಿಮೆ ಮಾಡಬೇಕೆಂದು ಯಾರೇ ಹೊರಟರೂ ಅವರ ಕೈ ಹೋಗುವುದು ಶಿಕ್ಷಕಿಯ ಮೇಲೆ, ಅಂದರೆ ತರಗತಿಯ ಮೇಲೆ. ತರಗತಿಯ ಹೊಣೆ ಹೊತ್ತವರು ಆ ಮಾತು ನಡೆಯುವ ಸಭೆಯಲ್ಲಿ ಅಂಕಿಗಳನ್ನು ಹಿಡಿದು ಕೂರದಿದ್ದರೆ, ನಿರ್ಧಾರವನ್ನು ತರಗತಿ ನೋಡದವರು ತೆಗೆದುಕೊಳ್ಳುತ್ತಾರೆ.

ಈಗ ಆ ಕೊರತೆಯನ್ನೇ ನೋಡೋಣ. 84 ಮಕ್ಕಳಿಗೆ 18,000ದಂತೆ ಬರಬೇಕಾದ ಶುಲ್ಕ 15,12,000. ಖರ್ಚು 13,64,000. ಕಾಗದದ ಮೇಲೆ 1,48,000 ರೂಪಾಯಿ ಉಳಿಯಬೇಕಿತ್ತು. ನೀವು ಕಳುಹಿಸಿದ ಶುಲ್ಕ ವಹಿಯ ಪ್ರತಿಯಲ್ಲಿ ಎರಡು ಸಂಗತಿಗಳು ಕಾಣುತ್ತವೆ. 9 ಮಕ್ಕಳ ಹೆಸರಿನ ಎದುರು ‘ಅಮ್ಮ ಹೇಳಿದ್ದಾರೆ’ (ಅಮ್ಮ ಎಂದರೆ ನಿಮ್ಮ ಸ್ಥಾಪಕ ಅಧ್ಯಕ್ಷೆ) ಎಂದು ಪೆನ್ಸಿಲಿನಲ್ಲಿ ಬರೆದು ಅರ್ಧ ಶುಲ್ಕ ಮಾತ್ರ ಪಡೆದಿದ್ದೀರಿ, ಅದು 81,000. ಎರಡನೆಯ ಕಂತಿನಲ್ಲಿ 1,60,000 ರೂಪಾಯಿ ಬಾಕಿ ಉಳಿದಿದೆ. ಮಾರ್ಚ್ ಮುಗಿದರೂ ಯಾರಿಗೂ ಒಂದು ಪತ್ರ ಹೋಗಿಲ್ಲ. ಎರಡೂ ಸೇರಿ 2,41,000. ಇದನ್ನು ಕಳೆದರೆ ಕೈಗೆ ಬಂದದ್ದು 12,71,000, ಕೊರತೆ ಸರಿಯಾಗಿ 93,000. ಮಂಡಳಿ ಹೇಳಿದ ಅಂಕಿ ತಪ್ಪಲ್ಲ, ಅದರ ಕಾರಣವನ್ನು ತಪ್ಪಾಗಿ ಹುಡುಕಿದ್ದಾರೆ. ಶಿಕ್ಷಕಿಯರು ಹೆಚ್ಚಾಗಿರುವುದರಿಂದ ಈ ಕೊರತೆ ಬಂದಿಲ್ಲ. ಬರಬೇಕಾದ ಹಣ ಬಂದಿಲ್ಲ, ಬಂದಿಲ್ಲವೆಂಬುದನ್ನು ತಿಂಗಳು ತಿಂಗಳಿಗೆ ನೋಡುವವರೂ ಇರಲಿಲ್ಲ.

ಹಿರಿಯ ಶಿಕ್ಷಕಿಯನ್ನು ಬಿಡಿಸುವ ಪ್ರಸ್ತಾಪವನ್ನು ಭಾವನೆಯಿಂದ ವಿರೋಧಿಸಬೇಡಿ, ಲೆಕ್ಕದಿಂದಲೇ ವಿರೋಧಿಸಿ. ತಿಂಗಳಿಗೆ 13,000ದಂತೆ ವರ್ಷಕ್ಕೆ 1,56,000 ಉಳಿಯುತ್ತದೆ ಎಂಬುದು ಅವರ ಎಣಿಕೆ. ಆದರೆ ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಂಸ್ಥೆ ಕೊಡಬೇಕಾದ ಇಡಿಗಂಟನ್ನು, ಅವರು ಮರೆತಿದ್ದಾರೆ. ಶಿಕ್ಷಕರೂ ಗ್ರಾಚ್ಯುಟಿಗೆ ಅರ್ಹರೆಂದು ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಸ್ಪಷ್ಟಪಡಿಸಿತು, ಅದೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ ಹೋದಾಗ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಈ ನಿಯಮ. ‘ನಮ್ಮಲ್ಲಿ ಎಂಟೇ ಜನ’ ಎಂದು ಕಾರ್ಯದರ್ಶಿಗಳು ಹೇಳಬಹುದು. ಆದರೆ ಒಮ್ಮೆ ನಿಯಮಕ್ಕೆ ಒಳಪಟ್ಟ ಸಂಸ್ಥೆಯಲ್ಲಿ ನೌಕರರ ಸಂಖ್ಯೆ ನಂತರ ಹತ್ತಕ್ಕಿಂತ ಕೆಳಗಿಳಿದರೂ ಹೊಣೆ ತಪ್ಪುವುದಿಲ್ಲ, ಮತ್ತು ಕೋವಿಡ್‌ಗೆ ಮೊದಲು ನಿಮ್ಮಲ್ಲಿ 12 ಜನ ಇದ್ದರು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ, ತಿಂಗಳನ್ನು 26 ದಿನವೆಂದು ಹಿಡಿದು. 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 7,500. 14 ವರ್ಷಕ್ಕೆ 1,05,000 ರೂಪಾಯಿ. ಹಾಗಾದರೆ ಮೊದಲ ವರ್ಷ ಉಳಿಯುವುದು 51,000 ಮಾತ್ರ. ಪರಿಚಿತ ಶಿಕ್ಷಕಿ ಹೋದರೆಂದು, ತರಗತಿಯಲ್ಲಿ ಮಕ್ಕಳು ಹೆಚ್ಚಾದರೆಂದು ಮೂವರು ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರೆ 54,000 ಹೋಗುತ್ತದೆ, ಅಲ್ಲಿಗೆ ಉಳಿತಾಯ ಮುಗಿಯಿತು. ತಾಲ್ಲೂಕು ಕೇಂದ್ರದಲ್ಲಿ ಇಂತಹ ಸುದ್ದಿ ಸಂತೆಯ ದಿನಕ್ಕೆ ಮೊದಲೇ ಎಲ್ಲರ ಮನೆ ತಲುಪಿರುತ್ತದೆ.

ಇದಲ್ಲದೆ, 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಖಾಸಗಿ ಶಿಕ್ಷಣ ಸಂಸ್ಥೆಗಳ ನೌಕರರಿಗೂ ಸೇವಾ ರಕ್ಷಣೆ ನೀಡುತ್ತದೆ. ‘ನಾಳೆಯಿಂದ ಬರಬೇಡಿ’ ಎಂದು ಹೇಳಿ ಮುಗಿಸುವ ವಿಷಯ ಇದಲ್ಲವೆಂದು ಮಂಡಳಿಗೆ ತಿಳಿದಿರಲಿ. ಈ ಬಗ್ಗೆ ವಕೀಲರೊಬ್ಬರ ಲಿಖಿತ ಅಭಿಪ್ರಾಯವಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು.

ತರಗತಿಗಳನ್ನು ಮೂರಕ್ಕೆ ಇಳಿಸಿದರೆ ತಲಾ 28 ಮಕ್ಕಳಾಗುತ್ತಾರೆ. ಕೇಂದ್ರ ಸರ್ಕಾರದ 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬರಂತೆ ಶಿಕ್ಷಕಿ ಇರಬೇಕೆಂದು ಹೇಳುತ್ತದೆ. ನೀವು ಈಗಾಗಲೇ 21ರಲ್ಲಿದ್ದೀರಿ. ಮೂರು ವರ್ಷದ ಮಗು ಶೌಚಕ್ಕೆ ಹೋಗಬೇಕೆಂದಾಗ ಆಯಾ ಅದರ ಜೊತೆ ಹೋಗುತ್ತಾರೆ. ಅದೇ ಹೊತ್ತಿಗೆ ಇನ್ನೊಂದು ಮಗು ವಾಂತಿ ಮಾಡಿಕೊಂಡರೆ ಶಿಕ್ಷಕಿ ಆ ಮಗುವಿನ ಬಳಿಯಲ್ಲಿರಬೇಕು, ಉಳಿದ 26 ಮಕ್ಕಳನ್ನು ನೋಡುವವರು ಯಾರೂ ಇರುವುದಿಲ್ಲ. ಮಂಡಳಿಯ ಸದಸ್ಯೆಯರಲ್ಲಿ ಇಬ್ಬರನ್ನು ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ನರ್ಸರಿ ತರಗತಿಯಲ್ಲಿ ಕೂರಲು ಆಹ್ವಾನಿಸಿ. ಆಮೇಲೆ 28ರ ಮಾತು ಸಭೆಯಲ್ಲಿ ಮತ್ತೆ ಬರುವುದು ಅಪರೂಪ. ಇದು ನಾನು ಹಲವು ಸಂಸ್ಥೆಗಳಲ್ಲಿ ನೋಡಿರುವ ಮಾತು.

ಬಾಕಿ ವಸೂಲಿಯ ಬಗ್ಗೆ ನಿಮಗೆ ಸಂಕೋಚವಿದೆ ಎಂಬುದು ಪತ್ರದಲ್ಲಿ ತಿಳಿಯುತ್ತದೆ. ‘ದಿನಾ ಮುಖ ನೋಡುವವರ ಹತ್ತಿರ ಹೇಗೆ ಕೇಳುವುದು’ ಎಂದು ಬರೆದಿದ್ದೀರಿ. ಕೇಳಬೇಕಾದವರು ನೀವಲ್ಲ, ತರಗತಿ ಶಿಕ್ಷಕಿಯಂತೂ ಅಲ್ಲವೇ ಅಲ್ಲ. ಮಗುವಿನ ಡೈರಿಯಲ್ಲಿ ಶುಲ್ಕದ ಚೀಟಿ ಅಂಟಿಸುವುದು, ಗೇಟಿನ ಬಳಿ ಇತರ ಪೋಷಕರ ಎದುರು ನೆನಪಿಸುವುದು, ಶಾಲಾ ದಿನಾಚರಣೆಯ ನೃತ್ಯದಿಂದ ಮಗುವನ್ನು ಕೈಬಿಡುವುದು, ಇವೆಲ್ಲ ನಮ್ಮ ಊರುಗಳಲ್ಲಿ ನಡೆಯುತ್ತಿರುವ ಕ್ರೌರ್ಯಗಳೇ. ಇವುಗಳಿಂದ ಹಣವೂ ಬರುವುದಿಲ್ಲ. ಖಜಾಂಚಿಯ ಸಹಿಯಿರುವ ಪತ್ರ ಬಾಕಿಯಿರುವ ಪ್ರತಿ ಮನೆಗೂ ಮುಚ್ಚಿದ ಲಕೋಟೆಯಲ್ಲಿ ಹೋಗಲಿ. ಅದರಲ್ಲಿ ಬಾಕಿ ಎಷ್ಟು, ಎಷ್ಟು ಕಂತುಗಳಲ್ಲಿ ಕಟ್ಟಬಹುದು, ಕಷ್ಟವಿದ್ದರೆ ಯಾರನ್ನು ಕಾಣಬೇಕು ಎಂಬ ಮೂರು ವಿಷಯಗಳಿರಲಿ. ಅಡಿಕೆ, ಕಾಫಿಯ ಹಣ ಕೈಸೇರುವ ಕಾಲಕ್ಕೂ ನಿಮ್ಮ ಎರಡನೆಯ ಕಂತಿನ ದಿನಾಂಕಕ್ಕೂ ತಾಳೆಯಿದೆಯೇ ಎಂದು ನೋಡಿ. ನವೆಂಬರ್ ಮೊದಲ ವಾರದಲ್ಲಿ ಕಟ್ಟಿ ಎಂದು ಹೇಳಿ ಜನವರಿಯಲ್ಲಿ ಕೈಗೆ ಹಣ ಬರುವ ಮನೆಯನ್ನು ಬಾಕಿದಾರರೆಂದು ಕರೆಯುವುದಕ್ಕಿಂತ, ಅಂತಹವರಿಗೆ ಜನವರಿಯ ಕಂತನ್ನು ಮೊದಲೇ ಬರೆದುಕೊಡುವುದು ಲೇಸು.

ಅರ್ಧ ಶುಲ್ಕದ ಒಂಬತ್ತು ಮಕ್ಕಳ ವಿಷಯ ಬೇರೆ. ಆ ರಿಯಾಯಿತಿಯನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಬಡ ಮನೆಯ ಮಕ್ಕಳಿಗಾಗಿಯೇ ಶಿಶುವಿಹಾರ ತೆರೆದ ಮಹಿಳಾ ಸಮಾಜಗಳು ನಮ್ಮ ರಾಜ್ಯದಲ್ಲಿ ಅನೇಕವಿವೆ, ನಿಮ್ಮ ಸಂಸ್ಥೆಯ ಉದ್ದೇಶಗಳಲ್ಲೂ ಆ ಮಾತಿದೆ. ಆದರೆ ಒಬ್ಬರ ಬಾಯಿಮಾತಿನ ಮೇಲೆ ನಿಂತ ರಿಯಾಯಿತಿ ಅವರ ನಂತರ ಯಾರ ಹೊಣೆಯೂ ಆಗುವುದಿಲ್ಲ. ಮಂಡಳಿ ಒಂದು ಠರಾವು ಮಾಡಿ, ಬರಬೇಕಾದ ಶುಲ್ಕದ ನೂರಕ್ಕೆ 5 ಭಾಗವನ್ನು, ಅಂದರೆ ನಿಮ್ಮಲ್ಲಿ ಸುಮಾರು 75,000 ರೂಪಾಯಿಯನ್ನು, ರಿಯಾಯಿತಿಗೆಂದು ಬಜೆಟ್‌ನಲ್ಲೇ ತೆಗೆದಿಡಲಿ. ಪ್ರತಿ ಮೇ ತಿಂಗಳಲ್ಲಿ ಅರ್ಜಿ ಪಡೆದು ಮೂವರ ಸಮಿತಿ ನಿರ್ಧರಿಸಲಿ. ಹೆಸರುಗಳು ಸಮಿತಿಯ ಹೊರಗೆ ಹೋಗಬಾರದು. ಈಗಿರುವ 81,000 ಮಿತಿಗಿಂತ ಸ್ವಲ್ಪ ಹೆಚ್ಚು. ಊರಿನ ಯಾರಾದರೂ ಒಂದು ಮಗುವಿನ ಅರ್ಧ ಶುಲ್ಕವನ್ನು ವಹಿಸಿಕೊಂಡರೆ ಅದೂ ಸರಿಹೋಗುತ್ತದೆ.

‘ಕಟ್ಟಡ ನಿಧಿ’ಯ ಆಲೋಚನೆಯನ್ನು ಇಲ್ಲಿಗೇ ಬಿಡಿ. ದಾಖಲಾತಿಗೆ ಷರತ್ತಾಗಿ ಪಡೆಯುವ ಹಣಕ್ಕೆ ಏನೇ ಹೆಸರಿಟ್ಟರೂ ಅದು ವಂತಿಗೆಯೇ, ಮತ್ತು ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1984ರಿಂದ ಇದೆ. ಕಟ್ಟಡಕ್ಕೆ ನಿಜವಾಗಿ ಹಣ ಬೇಕಿದ್ದರೆ ದಾಖಲಾತಿಗೆ ಸಂಬಂಧವಿಲ್ಲದಂತೆ, ಸ್ವಇಚ್ಛೆಯಿಂದ ಕೊಡುವವರಿಂದ, ಯಾವ ಉದ್ದೇಶಕ್ಕೆ ಎಂಬ ಪತ್ರದೊಂದಿಗೆ ಪಡೆಯಿರಿ. ಅದಕ್ಕಿಂತ ನೇರವಾದ ದಾರಿ ಶುಲ್ಕವನ್ನೇ ಸ್ವಲ್ಪ ಏರಿಸುವುದು. ಮಗುವಿಗೆ ಸಾವಿರ ರೂಪಾಯಿ ಏರಿಸಿದರೆ 84,000 ಬರುತ್ತದೆ. ಏರಿಕೆಯನ್ನು ಜನವರಿ ಅಥವಾ ಫೆಬ್ರುವರಿಯಲ್ಲೇ ಪೋಷಕರ ಸಭೆ ಕರೆದು, ಖರ್ಚಿನ ಪಟ್ಟಿಯನ್ನು ಎದುರಿಗಿಟ್ಟು ತಿಳಿಸಿದರೆ ಗೊಣಗಾಟವಿದ್ದರೂ ಅನುಮಾನವಿರುವುದಿಲ್ಲ. ಆ ಹಣದ ಮೊದಲ ಪಾಲು ಎಲ್ಲಿಗೆ ಹೋಗಬೇಕೆಂಬ ಬಗ್ಗೆ ನನಗೆ ಸಂದೇಹವಿಲ್ಲ. ಮೂವರು ಆಯಾಗಳಿಗೆ ತಲಾ 9,000 ಕೊಡುತ್ತಿದ್ದೀರಿ. ಕಾರ್ಮಿಕ ಇಲಾಖೆಯ ಕನಿಷ್ಠ ವೇತನದ ಅಧಿಸೂಚನೆಯನ್ನು ಪಕ್ಕದಲ್ಲಿಟ್ಟು ಅದನ್ನು ನೋಡಿ. ಕೊರತೆಯ ನೆಪದಲ್ಲಿ ಅತಿ ಕಡಿಮೆ ಸಂಬಳದವರಿಂದಲೇ ಸಂಸ್ಥೆ ಸಾಲ ಪಡೆಯುತ್ತಿದ್ದರೆ ಅದನ್ನು ಮಿತವ್ಯಯ ಎನ್ನಲಾಗದು.

ನಿಮ್ಮ ಪತ್ರದಲ್ಲಿಲ್ಲದ, ಆದರೆ ಪಾಸ್‌ಬುಕ್ಕಿನಲ್ಲಿ ಕಾಣುವ ಒಂದು ವಿಷಯವನ್ನು ಹೇಳಬೇಕು. ಏಪ್ರಿಲ್, ಮೇ ತಿಂಗಳ ಸಂಬಳ 1,80,000 ರೂಪಾಯಿಯನ್ನು ಮುಂದಿನ ವರ್ಷದ ದಾಖಲಾತಿಯ ಶುಲ್ಕದಿಂದ ಕೊಟ್ಟಿದ್ದೀರಿ. ಖಾತೆಯಲ್ಲಿ ಹಣ ಇದ್ದುದರಿಂದ ಯಾರಿಗೂ ಕೊರತೆ ಕಾಣಲಿಲ್ಲ. ಹೀಗೆ ಪ್ರತಿ ವರ್ಷ ಬರುವ ವರ್ಷದ ಹಣದಲ್ಲಿ ಹೋದ ವರ್ಷವನ್ನು ಮುಗಿಸುತ್ತ ಹೋದ ಸಂಸ್ಥೆ, ಯಾವುದೋ ಒಂದು ಬೇಸಿಗೆಯಲ್ಲಿ ದಾಖಲಾತಿ ಹತ್ತು ಕಡಿಮೆಯಾದೊಡನೆ ಸಂಬಳ ನಿಲ್ಲಿಸಬೇಕಾಗುತ್ತದೆ. ಜೂನ್‌ಗೆ ಮೊದಲು ಬರುವ ಶುಲ್ಕವನ್ನು ‘ಮುಂಗಡವಾಗಿ ಬಂದ ಶುಲ್ಕ’ ಎಂದು ಪ್ರತ್ಯೇಕ ಶೀರ್ಷಿಕೆಯಲ್ಲಿ ಬರೆಸಿ, ಸಾಧ್ಯವಾದರೆ ಬೇರೆ ಉಳಿತಾಯ ಖಾತೆಯಲ್ಲೇ ಇಡಿಸಿ. ಜೂನ್ ಮತ್ತು ನವೆಂಬರ್ ಕಂತುಗಳಿಂದ ತಿಂಗಳಿಗೆ 15,000ದಂತೆ ಹತ್ತು ತಿಂಗಳ ಲೆಕ್ಕ, ಅಂದರೆ 1,50,000, ಬೇಸಿಗೆಯ ಸಂಬಳಕ್ಕೆಂದೇ ಎತ್ತಿಟ್ಟರೆ ಮೊದಲ ವರ್ಷಕ್ಕೆ ಬಹುತೇಕ ಸಾಕು. ಕೆಲವು ಸಂಸ್ಥೆಗಳು ಹತ್ತೇ ತಿಂಗಳ ಸಂಬಳ ಕೊಟ್ಟು ಬೇಸಿಗೆಯಲ್ಲಿ ಕೈಚೆಲ್ಲುತ್ತವೆ. ನಿಮ್ಮ ಮಂಡಳಿ ಈವರೆಗೆ ಆ ದಾರಿ ಹಿಡಿದಿಲ್ಲ ಎಂಬುದು ಅದರ ದೊಡ್ಡತನ, ಸಭೆಯಲ್ಲಿ ಅದನ್ನು ಬಾಯಿತುಂಬ ಹೇಳಿ.

ಆಪತ್ತಿನ ನಿಧಿ ಏಕೆ ಬೇಕೆಂದು ಚಿಕ್ಕ ಮಕ್ಕಳ ಸಂಸ್ಥೆಗಳಿಗೆ ಬಿಡಿಸಿ ಹೇಳಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಎಲ್‌ಕೆಜಿ, ಯುಕೆಜಿ ತರಗತಿಗಳು ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ದೊಡ್ಡ ಮಕ್ಕಳ ತರಗತಿಗಳು ಅದಕ್ಕಿಂತ ಮೊದಲೇ ಶುರುವಾಗಿದ್ದವು. ಪುಟಾಣಿಗಳದ್ದು ಕೊನೆಯ ಸರದಿ. ಆ ಅವಧಿಯನ್ನು ದಾಟಿಬಂದ ನಿಮ್ಮ ಸಂಸ್ಥೆ ಆಗ ಕಳೆದುಕೊಂಡ ಠೇವಣಿಯನ್ನು ಇನ್ನೂ ಕಟ್ಟಿಕೊಂಡಿಲ್ಲ. ಮೂರು ತಿಂಗಳ ಖರ್ಚು, ಅಂದರೆ ಸುಮಾರು 3,41,000 ರೂಪಾಯಿ, ನಿಶ್ಚಿತ ಠೇವಣಿಯಲ್ಲಿರಬೇಕು. ‘ಬಂದದ್ದರಲ್ಲಿ ನೂರಕ್ಕೆ 85 ಖರ್ಚು ಮಾಡಲೇಬೇಕು, ಉಳಿಸಿದರೆ ತೆರಿಗೆ ಬೀಳುತ್ತದೆ’ ಎಂದು ಖಜಾಂಚಿ ಹೇಳಿದರೆಂದು ಬರೆದಿದ್ದೀರಿ. ಅದು ಅರ್ಧ ಸತ್ಯ. ಧರ್ಮಾರ್ಥ ಸಂಸ್ಥೆಯಾಗಿ ನೋಂದಣಿ ಪಡೆದವರು ನೂರಕ್ಕೆ 15ರಷ್ಟನ್ನು ಯಾವ ಷರತ್ತೂ ಇಲ್ಲದೆ ಉಳಿಸಬಹುದು. ಅದಕ್ಕಿಂತ ಹೆಚ್ಚನ್ನು ನಿರ್ದಿಷ್ಟ ಉದ್ದೇಶ ತಿಳಿಸಿ, ನಿಗದಿತ ನಮೂನೆಯನ್ನು ಸಕಾಲದಲ್ಲಿ ಸಲ್ಲಿಸಿ 5 ವರ್ಷದವರೆಗೆ ಇಟ್ಟುಕೊಳ್ಳಬಹುದು. ಶಿಕ್ಷಣಕ್ಕಾಗಿಯೇ ಇರುವ, ಲಾಭದ ಉದ್ದೇಶವಿಲ್ಲದ, ವಾರ್ಷಿಕ ಸ್ವೀಕೃತಿ 5 ಕೋಟಿ ಮೀರದ ಸಂಸ್ಥೆಗಳಿಗೆ ಬೇರೊಂದು ವಿನಾಯಿತಿಯೂ ಇದೆ. ನಿಮ್ಮದು ಯಾವುದರಡಿ ಬರುತ್ತದೆಂದು ಲೆಕ್ಕಪರಿಶೋಧಕರಿಂದ ಬರವಣಿಗೆಯಲ್ಲಿ ಪಡೆಯಿರಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳೆಲ್ಲ ಬದಲಾಗಿರುವುದರಿಂದ ಹಳೆಯ ಕಾಗದ ನೋಡಿ ತೀರ್ಮಾನಿಸಬೇಡಿ.

ಹಣ ಬರುವ ದಾರಿಯಲ್ಲಿ ಇನ್ನೊಂದು ದೋಷ. ಕಚೇರಿಯ ಮೇಜಿನ ಮೇಲಿರುವ ಕ್ಯುಆರ್ ಕೋಡ್ ಕಾರ್ಯದರ್ಶಿಗಳ ಸ್ವಂತ ಮೊಬೈಲ್ ಸಂಖ್ಯೆಯದು, ಅವರು ವಾರಕ್ಕೊಮ್ಮೆ ಒಟ್ಟು ಮೊತ್ತವನ್ನು ಸಂಸ್ಥೆಯ ಖಾತೆಗೆ ವರ್ಗಾಯಿಸುತ್ತಾರೆ ಎಂದಿದ್ದೀರಿ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಅದನ್ನು ಈ ವಾರವೇ ತೆಗೆಸಿ ಸಂಸ್ಥೆಯ ಹೆಸರಿನ ಖಾತೆಯ ಕೋಡ್ ಹಾಕಿಸಿ. ಮೂವತ್ತು ಪೋಷಕರ ಹಣ ಒಂದೇ ಸಾಲಾಗಿ ಪಾಸ್‌ಬುಕ್ಕಿಗೆ ಬಂದರೆ ಯಾರು ಕಟ್ಟಿದರು, ಯಾರು ಕಟ್ಟಿಲ್ಲ ಎಂಬುದು ತಿಳಿಯುವುದಿಲ್ಲ. ನಿಮ್ಮ 1,60,000 ಬಾಕಿಯಲ್ಲಿ ಒಂದಷ್ಟು ಹೀಗೆ ಕಟ್ಟಿಯೂ ರಸೀದಿಯಾಗದ ಹಣ ಇರಬಹುದು. ಪತ್ರ ಕಳುಹಿಸುವ ಮುನ್ನ ಅದನ್ನು ತಾಳೆ ನೋಡಲೇಬೇಕು. ಮುಂದೆ ಹಣ ಪಡೆದು ರಸೀದಿ ಕೊಡುವವರು ಒಬ್ಬರು, ವಹಿಯಲ್ಲಿ ಬರೆಯುವವರು ಇನ್ನೊಬ್ಬರು, ತಿಂಗಳ ಕೊನೆಗೆ ರಸೀದಿ ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ಹೊಂದಿಸಿ ನೋಡುವವರು ಮೂರನೆಯವರು ಆಗಿರಲಿ. ಎಂಟು ಜನರ ಸಂಸ್ಥೆಯಲ್ಲೂ ಇದು ಸಾಧ್ಯ, ಏಕೆಂದರೆ ಮೂರನೆಯವರು ಮಂಡಳಿಯ ಸದಸ್ಯೆಯೇ ಆಗಬಹುದು.

ಖರ್ಚಿನ ಕಡೆ ಹೆಚ್ಚೇನೂ ಹೇಳುವುದಿಲ್ಲ, ನಿಮ್ಮಲ್ಲಿ ದುಂದು ಕಾಣುತ್ತಿಲ್ಲ. ಶುಚಿತ್ವದ ಗುತ್ತಿಗೆದಾರರ ಬಿಲ್ಲಿನಲ್ಲಿ ನೂರಕ್ಕೆ 18 ಜಿಎಸ್‌ಟಿ ಹಾಕಿದ್ದಾರೆ. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗಿನ ಶಿಕ್ಷಣ ಸಂಸ್ಥೆಗಳ ಆವರಣದಲ್ಲಿ ಮಾಡುವ ಶುಚಿತ್ವ, ಕಾವಲು ಸೇವೆಗಳಿಗೂ ಮಕ್ಕಳ ವಾಹನ ಸೇವೆಗೂ ವಿನಾಯಿತಿ ಇರುವುದರಿಂದ ಅದನ್ನು ಪ್ರಶ್ನಿಸಿ. ಆಟಿಕೆ, ಕಲಿಕಾ ಸಾಮಗ್ರಿಗೆ ದುಬಾರಿ ಕಿಟ್ ಮಾರಲು ಬರುವವರನ್ನು ಎರಡು ಸಲ ಯೋಚಿಸಿ ಒಳಗೆ ಬಿಡಿ. ಶಿಶು ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯ ಹಳ್ಳಿ ಮಕ್ಕಳಿಗಾಗಿ ಬಾಲವಾಡಿ ಶುರುಮಾಡಿದಾಗ ಮಾಂಟೆಸ್ಸರಿ ಪದ್ಧತಿಯನ್ನು ಒಪ್ಪಿಯೂ ಅದರ ಬೆಲೆಬಾಳುವ ಸಾಮಗ್ರಿಯ ಬದಲು ಊರಲ್ಲೇ ಸಿಗುವ ವಸ್ತುಗಳನ್ನು ಬಳಸಿದರು. ಅಡಿಕೆ ಹಾಳೆ, ಗೇರುಬೀಜ, ಬಿದಿರು ಸಿಗುವ ನಿಮ್ಮ ಊರಿನಲ್ಲಿ ವಿಂಗಡಣೆ, ಎಣಿಕೆಯ ಸಾಮಗ್ರಿಗೆ ಬರವಿಲ್ಲ, ಬಾಯಿಗೆ ಹಾಕಿಕೊಳ್ಳುವ ವಯಸ್ಸಿನವರಿಗೆ ಚಿಕ್ಕ ಬೀಜ ಕೊಡದಿದ್ದರಾಯಿತು.

ಮುಂದಿನ ಬಜೆಟ್ಟನ್ನು 84 ಮಕ್ಕಳ ಮೇಲೆ ಮಾಡಬೇಡಿ, 78ರ ಮೇಲೆ ಮಾಡಿ. ಹಳೆಯ 130 ಮರಳಿ ಬರುತ್ತದೆಂಬ ಆಸೆಯ ಮೇಲಂತೂ ಬೇಡ. ಸರ್ಕಾರದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲೂ ಎಲ್‌ಕೆಜಿ, ಯುಕೆಜಿ ನಡೆಯುತ್ತಿವೆ. ಒಂದನೆಯ ತರಗತಿಗೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೇ ಸಾಲಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಿದಂತಹ ಆದೇಶ ಬಂದರೆ ಯುಕೆಜಿಯಲ್ಲಿ ಇನ್ನೊಂದು ವರ್ಷ ಇರುತ್ತಾರೆಂದು ನೀವು ಎಣಿಸಿದ್ದ ಮಕ್ಕಳು ಹೊರಟುಬಿಡುತ್ತಾರೆ. 78 ಮಕ್ಕಳು, 19,000 ಶುಲ್ಕ ಎಂದರೆ 14,82,000. ರಿಯಾಯಿತಿಗೆ 75,000 ತೆಗೆದರೆ 14,07,000. ಈಗಿನ ಖರ್ಚಿಗೆ ಸಾಕಾಗಿ 43,000 ಉಳಿಯುತ್ತದೆ. ಆಯಾಗಳ ಸಂಬಳ ಏರಿಸಿದರೆ ಅದೂ ಉಳಿಯದು, ಬೇಸಿಗೆಯ ಎತ್ತಿಡುವಿಕೆಗೆ ಹಳೆಯ ಬಾಕಿಯ ವಸೂಲಿಯನ್ನೇ ನಂಬಬೇಕಾಗುತ್ತದೆ. ಬಿಗಿಯಾದ ಬಜೆಟ್ ನಿಜ, ಆದರೆ ಯಾರನ್ನೂ ಬಿಡಿಸದೆ ನಡೆಯುವ ಬಜೆಟ್.

ಈ ಲೆಕ್ಕವನ್ನು ಶಿಕ್ಷಕಿಯರ ಮುಂದೆಯೂ ಇಡಿ. ಯಾರ ಸಂಬಳ ಎಷ್ಟೆಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಬಹುದು. ಒಬ್ಬರನ್ನು ತೆಗೆಯುತ್ತಾರಂತೆ ಎಂಬ ಮಾತು ಈಗಾಗಲೇ ಅವರ ಕಿವಿಗೆ ಬಿದ್ದಿರುತ್ತದೆ. ತಮ್ಮ ಮುಖ್ಯೋಪಾಧ್ಯಾಯಿನಿ ಅಂಕಿಗಳೊಡನೆ ಸಭೆಗೆ ಹೋಗುತ್ತಿದ್ದಾರೆಂದು ತಿಳಿದರೆ ಅವರು ಬೇರೆ ಕೆಲಸ ಹುಡುಕುವುದನ್ನಾದರೂ ನಿಲ್ಲಿಸುತ್ತಾರೆ.

ಕೊನೆಯದಾಗಿ ಬ್ಯಾಂಕ್ ಸಹಿ. ಒಬ್ಬರೇ ಸಹಿ ಮಾಡುವ ಅಧಿಕಾರವನ್ನು ಒಪ್ಪಬೇಡಿ. ನಿಮ್ಮ ಮೇಲಿನ ನಂಬಿಕೆಯಿಂದಲೇ ಕೊಡುತ್ತಿದ್ದರೂ ಒಪ್ಪಬೇಡಿ. ಎಲ್ಲವೂ ಒಬ್ಬರ ಕೈಯಲ್ಲಿದ್ದುದರಿಂದಲೇ ಇಂದು ಯಾರಿಗೂ ಲೆಕ್ಕ ಗೊತ್ತಿಲ್ಲ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘವಾದ್ದರಿಂದ ಮೊದಲು ಸರ್ವಸದಸ್ಯರ ಸಭೆ ಕರೆದು ತೆರವಾದ ಸ್ಥಾನಕ್ಕೆ ಅಧ್ಯಕ್ಷೆಯನ್ನು ಆರಿಸಿ, ಪದಾಧಿಕಾರಿಗಳ ಹೊಸ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾ-ಖರ್ಚನ್ನೂ ಜಿಲ್ಲಾ ನೋಂದಣಾಧಿಕಾರಿಗಳಿಗೆ ಸಲ್ಲಿಸಲಿ. ಆ ಪಟ್ಟಿ ಮತ್ತು ಠರಾವಿನ ಪ್ರತಿ ಇಲ್ಲದೆ ಬ್ಯಾಂಕಿನವರು ಸಹಿ ಬದಲಿಸುವುದು ಕಷ್ಟ. ಠರಾವಿನಲ್ಲಿ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರ ಜಂಟಿ ಸಹಿ ಎಂದೇ ಬರೆಸಿ. ನಿಮಗೆ ಬೇಕಾದದ್ದು ಬೇರೆ ಮೂರು: ಮಂಡಳಿಯ ಪ್ರತಿ ಸಭೆಗೆ ಆಹ್ವಾನ, ಮಂಜೂರಾದ ಬಜೆಟ್ಟಿನೊಳಗೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಕೇಳದೆ ಖರ್ಚು ಮಾಡುವ ಅಧಿಕಾರ, ಮತ್ತು ತಿಂಗಳ ಹತ್ತನೇ ತಾರೀಖಿನೊಳಗೆ ಹಿಂದಿನ ತಿಂಗಳ ಜಮಾ-ಖರ್ಚು, ಬಾಕಿ ಪಟ್ಟಿ, ಪಾಸ್‌ಬುಕ್ಕಿನ ಪ್ರತಿ ನಿಮ್ಮ ಮೇಜಿಗೆ ಬರುವುದು. ಇವನ್ನೂ ಅದೇ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಆದ ಮೇಲೆ ಒಂದು ಪ್ರತಿಯನ್ನು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ.